ಸೂಲಗಿತ್ತಿ ಬೇಕು, ಅವಳ ಬೆನ್ನಿಗೆ ಆಸ್ಪತ್ರೆಯೂ ಬೇಕು

2018ರ ಜುಲೈ. ತಮಿಳುನಾಡಿನ ತಿರುಪ್ಪೂರಿನಿಂದ ಒಂದು ಸುದ್ದಿ ಬಂತು. ಆಸ್ಪತ್ರೆ ಬೇಡ, ಮನೆಯಲ್ಲೇ ಸಹಜವಾಗಿ ಹೆರಿಗೆ ಮಾಡಿಕೊಳ್ಳೋಣ ಅಂತ ಒಂದು ದಂಪತಿ ತೀರ್ಮಾನ ಮಾಡಿದ್ದರು. ಇಂಟರ್‌ನೆಟ್ಟಿನಲ್ಲಿ ವಿಡಿಯೋ ನೋಡಿಕೊಂಡು ಅದಕ್ಕೆ ಮುಂದಾದರು. ಮಗು ಹುಟ್ಟಿತು, ಉಳಿಯಿತು. ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ, ಅವರು ಉಳಿಯಲಿಲ್ಲ. ಓದಿಕೊಂಡಿದ್ದ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು. ಅದು ಅವರ ಎರಡನೇ ಹೆರಿಗೆ.

ಆ ಸುದ್ದಿಯನ್ನು ಸ್ಟುಡಿಯೋದಲ್ಲಿ ಕೂತು ಓದಿದವಳು ನಾನು. ಆಗ ನನಗೇ ಐದು ತಿಂಗಳು. ಕ್ಯಾಮೆರಾದಲ್ಲಿ ಹೊಟ್ಟೆ ಕಾಣದಂತೆ ಟೇಬಲ್ ಹಿಂದೆ ಕೂತಿದ್ದೆ. ಓದುವಾಗ ಗಂಟಲು ಕಟ್ಟಿತ್ತು ಅಂದರೆ ಸುಳ್ಳಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಫೋನ್‌ಗಳು ಶುರುವಾದವು. ಅರ್ಧ ಜನ ಆ ದಂಪತಿಯನ್ನು ಬೈದರು. ಇನ್ನರ್ಧ ಜನ ನನ್ನನ್ನೇ ಕೇಳಿದರು: “ಮೇಡಂ, ನಮ್ಮಜ್ಜಿ ಹತ್ತು ಹೆತ್ತರು, ಎಲ್ಲಾ ಮನೆಯಲ್ಲೇ. ಯಾವ ಡಾಕ್ಟರಿದ್ದ? ನಮ್ಮ ಸೂಲಗಿತ್ತಿ ನರಸಮ್ಮನವರಿಗೆ ಇದೇ ವರ್ಷ ಪದ್ಮಶ್ರೀ ಕೊಟ್ಟಿಲ್ವಾ? ಹಾಗಾದರೆ ಮನೆ ಹೆರಿಗೆ ತಪ್ಪು ಹೇಗಾಗುತ್ತೆ?”

ಪ್ರಶ್ನೆ ಸರಿಯಾಗಿಯೇ ಇದೆ. ತಳ್ಳಿಹಾಕುವಂಥದ್ದಲ್ಲ. ಇವತ್ತು ಅದಕ್ಕೇ ಉತ್ತರ ಹುಡುಕೋಣ.

ಮೊದಲು ನರಸಮ್ಮನವರ ವಿಷಯ. ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಕೃಷ್ಣಾಪುರದವರು. ಅಕ್ಷರ ಕಲಿತವರಲ್ಲ. ಅಜ್ಜಿಯ ಜೊತೆ ಓಡಾಡಿ ಈ ವಿದ್ಯೆ ಕಲಿತರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎನ್ನುವುದು ಅವರ ಹೆಸರಿನ ಜೊತೆಗೇ ಬರುವ ಲೆಕ್ಕ. ಒಂದು ರೂಪಾಯಿ ಕೇಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ತಲೆ ಯಾವ ಕಡೆ ಇದೆ ಅಂತ ಹೇಳುತ್ತಿದ್ದರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಕೆಲಸ ಶುರು ಮಾಡಿದ ಕಾಲದಲ್ಲಿ ಆ ಸೀಮೆಯಲ್ಲಿ ಹೆರಿಗೆ ನೋವು ಬಂದ ಹೆಂಗಸಿಗೆ ನರಸಮ್ಮನಂಥವರೇ ಆಸ್ಪತ್ರೆ, ಅವರೇ ಡಾಕ್ಟರು. ಬೇರೆ ದಾರಿ ಇರಲಿಲ್ಲ.

ಈ ಕೊನೆಯ ಮಾತನ್ನು ಗಮನಿಸಿ. ಬೇರೆ ದಾರಿ ಇರಲಿಲ್ಲ. ನರಸಮ್ಮ ದಾರಿ ಇಲ್ಲದ ಕಡೆ ದಾರಿಯಾದವರು. ಆ ಕಾಲ ಎಂಥದ್ದಿತ್ತು ಅಂದರೆ, ಅವರೇ ಹೆತ್ತ 12 ಮಕ್ಕಳಲ್ಲಿ ನಾಲ್ಕು ಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡವು. ಪಕ್ಕದ ಮಧುಗಿರಿ ಸೀಮೆಯ ನಮ್ಮಜ್ಜಿ ಒಂಬತ್ತು ಹೆತ್ತರು. “ನಮ್ಮಜ್ಜಿಗೆ ಆರು ಮಕ್ಕಳು” ಅಂತಲೇ ನಾವು ಹೇಳಿಕೊಂಡು ಬೆಳೆದದ್ದು. ಉಳಿದ ಮೂರರ ಲೆಕ್ಕ ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ಎಲ್ಲರ ಮನೆಯ ಕಥೆಯೂ ಹೀಗೇ. ಮನೆಯಲ್ಲೇ ಹೆತ್ತು ಬದುಕಿದ ಅಜ್ಜಿಯ ಮೊಮ್ಮಕ್ಕಳು ಇವತ್ತು ಫೋನ್ ಮಾಡಿ ಕೇಳ್ತಾರೆ. ಹೆರಿಗೆಯಲ್ಲೇ ಹೋದ ಅಜ್ಜಿಯ ಕಥೆ ಹೇಳುವುದಕ್ಕೆ ಯಾರಿದ್ದಾರೆ? ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಮನೆಯಲ್ಲಿ ತಪ್ಪುವುದು ಎಲ್ಲಿ? ಸ್ವಲ್ಪ ಒಳಗೆ ಹೋಗಿ ನೋಡೋಣ.

ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿದ ಮೇಲೆ ಮಾಸು ಬಿಟ್ಟುಕೊಳ್ಳುತ್ತದೆ. ಹಳ್ಳಿ ಕಡೆ ಅದನ್ನೇ ‘ಕಸ ಬೀಳೋದು’ ಅಂತಾರೆ. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅವುಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳು. ಅವು ಬಿಗಿಯಾಗಿ ಮುಷ್ಟಿ ಹಿಡಿದಂತೆ ಕುಗ್ಗಬೇಕು. ಹೆಚ್ಚಿನ ಹೆರಿಗೆಗಳಲ್ಲಿ ತಾನಾಗಿಯೇ ಕುಗ್ಗುತ್ತವೆ. ಕೆಲವು ಸಲ ಕುಗ್ಗುವುದಿಲ್ಲ. ಇನ್ನು ಕೆಲವು ಸಲ ಮಾಸಿನ ಒಂದು ಚೂರು ಒಳಗೇ ಉಳಿದು ಅಡ್ಡ ಬರುತ್ತದೆ. ಆಗ ನಲ್ಲಿ ತೆರೆದೇ ಇರುತ್ತದೆ. ನಮ್ಮ ಮೈಯಲ್ಲಿರುವುದೇ ಸುಮಾರು ಐದು ಲೀಟರ್ ರಕ್ತ. ಲೆಕ್ಕ ನೀವೇ ಹಾಕಿ.

ಇದಕ್ಕೆ ಮದ್ದಿದೆ. ದುಬಾರಿಯೇನಲ್ಲ. ಆಕ್ಸಿಟೋಸಿನ್ ಅನ್ನುವ ಇಂಜೆಕ್ಷನ್. ಮಗು ಹುಟ್ಟಿದ ತಕ್ಷಣ ಕೊಡುವುದು ಈಗಿನ ಪದ್ಧತಿ. ಆದರೆ ಅದನ್ನು ಫ್ರಿಜ್‌ನಲ್ಲಿ ಇಟ್ಟಿರಬೇಕು, ಕೊಡಲು ಬಲ್ಲವರಿರಬೇಕು. ಅದರಲ್ಲೂ ನಿಲ್ಲದಿದ್ದರೆ ಡ್ರಿಪ್, ರಕ್ತ, ಕೊನೆಗೆ ಆಪರೇಷನ್ ಥಿಯೇಟರ್. ಇಷ್ಟೂ ಸಿಗಬೇಕಾದದ್ದು ಗಂಟೆಗಳಲ್ಲಲ್ಲ, ನಿಮಿಷಗಳಲ್ಲಿ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ. ಅಂದರೆ ಟ್ಯಾಂಕ್ ಮೊದಲೇ ಅರ್ಧ ಖಾಲಿ. ಗಟ್ಟಿಮುಟ್ಟಾದವಳು ತಡೆದುಕೊಳ್ಳುವಷ್ಟು ರಕ್ತ ಹೋದರೂ ಇವಳು ತಡೆದುಕೊಳ್ಳಲಾರಳು.

ಮಗುವಿಗೂ ಅಷ್ಟೇ. ಹುಟ್ಟಿದ ಕೂಡಲೇ ಅಳದ, ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಚೀಲ-ಮಾಸ್ಕ್ ಹಿಡಿದು ಉಸಿರು ಕೊಡಬೇಕು. ಆ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ ಕಾಯುತ್ತಾ ಕೂರುವುದಕ್ಕಾಗುತ್ತದೆಯೇ?

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಮೊದಲು ಕಲಿಸುವ ಪಾಠವೊಂದಿದೆ: ಯಂತ್ರ ಎಷ್ಟು ಸಲ ಕೆಡುತ್ತದೆ ಅಂತ ಮಾತ್ರ ಕೇಳಬೇಡ, ಕೆಟ್ಟರೆ ಏನಾಗುತ್ತದೆ, ಸರಿಮಾಡಲು ಎಷ್ಟು ಹೊತ್ತು ಸಿಗುತ್ತದೆ ಅಂತ ಕೇಳು. ನಮ್ಮ ಸ್ಟುಡಿಯೋದಲ್ಲಿ ಕರೆಂಟ್ ಹೋಗುವುದು ಅಪರೂಪ. ಆದರೂ ಯುಪಿಎಸ್ ಇದೆ, ಅದರ ಹಿಂದೆ ಜನರೇಟರ್ ಇದೆ. ಯಾಕೆ? ಲೈವ್ ಹೋಗುವಾಗ ಒಂದು ನಿಮಿಷ ಪರದೆ ಕಪ್ಪಾದರೂ ಮರ್ಯಾದೆ ಹೋಗುತ್ತೆ ಅಂತ. ಟಿವಿ ಪರದೆಗೇ ಇಷ್ಟು ವ್ಯವಸ್ಥೆ ಬೇಕಾದರೆ ಒಂದು ಜೀವಕ್ಕೆ, ಅಲ್ಲ, ಎರಡು ಜೀವಕ್ಕೆ ಎಷ್ಟು ಬೇಕು?

“ಹಾಗಾದರೆ ವಿದೇಶದಲ್ಲಿ ಮನೆಯಲ್ಲೇ ಹೆರುತ್ತಾರಲ್ಲ?” ಹೌದು, ಹೆರುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಹತ್ತು ಹೆರಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಇವತ್ತಿಗೂ ಮನೆಯಲ್ಲೇ ಆಗುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯೇ ಮನೆಗೆ ಸೂಲಗಿತ್ತಿಯನ್ನು ಕಳಿಸುತ್ತದೆ. ಆದರೆ ಅಲ್ಲಿನ ಸೂಲಗಿತ್ತಿ ಯಾರು? ಡಿಗ್ರಿ ಓದಿ, ನೋಂದಣಿಯಾದವಳು. ಆಕ್ಸಿಟೋಸಿನ್‌ನಂಥ ಇಂಜೆಕ್ಷನ್, ಮಗುವಿಗೆ ಉಸಿರು ಕೊಡುವ ಸಾಧನ ಅವಳ ಜೊತೆಗೇ ಬರುತ್ತವೆ. ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಸಿಸೇರಿಯನ್ ಆಗಿರುವುದು, ಅವಳಿ ಮಗು, ಅಡ್ಡ ಮಗು, ಇವು ಯಾವುವೂ ಇಲ್ಲದ ತಾಯಿಗೆ ಮಾತ್ರ ಇದನ್ನು ಸಲಹೆ ಮಾಡುತ್ತಾರೆ. ಎಡವಟ್ಟಾದರೆ ಆಂಬುಲೆನ್ಸ್ ಬರುತ್ತದೆ, ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ.

ಇಷ್ಟಿದ್ದೂ ಫಲಿತಾಂಶ ಏನು ಗೊತ್ತಾ? ಇಂಗ್ಲೆಂಡಿನಲ್ಲಿ 64,000ಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎಲ್ಲರೂ ಅಪಾಯ ಕಡಿಮೆ ಇದ್ದವರೇ. ಎರಡನೆಯದೋ ಮೂರನೆಯದೋ ಹೆರಿಗೆಯಾದರೆ, ಮಗುವಿನ ಮಟ್ಟಿಗೆ ಮನೆಗೂ ಆಸ್ಪತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಕಂಡಿತು. ಮಗುವಿಗೆ ಸಾವೋ ಗಂಭೀರ ತೊಂದರೆಯೋ ಆದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯಲ್ಲೇ ಹೆರುತ್ತೇನೆ ಅಂತ ಹೊರಟ ಚೊಚ್ಚಲ ತಾಯಂದಿರಲ್ಲಿ ನೂರಕ್ಕೆ 45 ಮಂದಿಯನ್ನು ಮಧ್ಯದಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂದರೆ ಅಲ್ಲಿನ ಮನೆ ಹೆರಿಗೆ ನಿಜವಾಗಿ ಆಸ್ಪತ್ರೆಯದೇ ಒಂದು ತುದಿ. ಆ ತುದಿಯನ್ನು ಕತ್ತರಿಸಿ ತಂದು ನಮ್ಮ ಮನೆಯಲ್ಲಿಟ್ಟರೆ ಅದು ಇಂಗ್ಲೆಂಡಿನ ಹೆರಿಗೆಯಾಗುವುದಿಲ್ಲ, ತಿರುಪ್ಪೂರಿನದ್ದಾಗುತ್ತದೆ.

ನಮ್ಮ ರಾಜ್ಯದ ಲೆಕ್ಕವನ್ನೂ ನೋಡಿ. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈಗ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಜನನಿ ಸುರಕ್ಷಾ ಯೋಜನೆ, 108 ಆಂಬುಲೆನ್ಸ್, ರಾತ್ರಿ ಹನ್ನೆರಡಕ್ಕೂ ಗರ್ಭಿಣಿಯ ಜೊತೆ ಗಾಡಿ ಹತ್ತುವ ಆಶಾ ಕಾರ್ಯಕರ್ತೆ, ಎಲ್ಲರ ಪಾಲೂ ಇದರಲ್ಲಿದೆ. ಇದನ್ನು ಕಳೆದುಕೊಳ್ಳುವ ಮಾತೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಡಾಕ್ಟರುಗಳು ಚಪ್ಪಾಳೆ ತಟ್ಟುತ್ತಾರೆ. ಆದರೆ ನಿಲ್ಲಿಸುವುದಿಲ್ಲ. ಓದಿದ ಹೆಣ್ಣುಮಕ್ಕಳು ಆಸ್ಪತ್ರೆ ಬೇಡ ಅಂತ ಯಾಕೆ ಹೇಳುತ್ತಿದ್ದಾರೆ ಅಂತಲೂ ಕೇಳಬೇಕಲ್ವಾ?

ಆ ವರ್ಷ ನವೆಂಬರ್‌ನಲ್ಲಿ ನನ್ನ ಹೆರಿಗೆಯಾಯಿತು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಅಮ್ಮನನ್ನು ಹೊರಗೆ ನಿಲ್ಲಿಸಿದರು. ಎದ್ದು ಓಡಾಡುತ್ತೇನೆ ಅಂದೆ, ಬೇಡ, ಮಲಗಿ ಅಂದರು. ಹನ್ನೊಂದು ಗಂಟೆ ಅಂಗಾತ ಮಲಗಿದ್ದೆ. ನೋವಿಗೆ ಕೂಗಿದಾಗ ಒಬ್ಬರು ಗದರಿದರು: “ಟಿವೀಲಿ ಅಷ್ಟು ಜೋರಾಗಿ ಮಾತಾಡ್ತೀರಲ್ಲ, ಇಲ್ಲಿ ಸ್ವಲ್ಪ ಬಾಯ್ಮುಚ್ಕೊಂಡಿರಿ.” ದಿನಾ ಮಂತ್ರಿಗಳನ್ನು ಪ್ರಶ್ನೆ ಕೇಳುವವಳು ನಾನು. ಆವತ್ತು ತುಟಿ ಕಚ್ಚಿಕೊಂಡು ಸುಮ್ಮನಾದೆ.

ಮಗು ಹುಟ್ಟಿದ ಮೇಲೆ ರಕ್ತ ಜಾಸ್ತಿ ಹೋಗತೊಡಗಿತು. ಗದರಿದ ಅದೇ ಕೈಗಳು ಹೊಟ್ಟೆಯನ್ನು ಒತ್ತಿ ತಿಕ್ಕಿದವು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟವು. ಹತ್ತು ನಿಮಿಷದಲ್ಲಿ ರಕ್ತ ನಿಂತಿತು. ನನ್ನನ್ನು ಅವಮಾನ ಮಾಡಿದ್ದೂ ಆ ಕೋಣೆ, ನನ್ನ ಜೀವ ಉಳಿಸಿದ್ದೂ ಆ ಕೋಣೆ. ನನ್ನ ಮಗಳ ಕಾಲಕ್ಕೆ ಮೊದಲನೆಯದು ಇರಬಾರದು, ಎರಡನೆಯದು ಇರಲೇಬೇಕು. ಇದಿಷ್ಟೇ ನನ್ನ ವಾದ.

ಕತ್ತರಿಯ ವಿಷಯವೂ ಇದೆ. ಅದೇ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ನೂರಕ್ಕೆ 47 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14. ಖಾಸಗಿಗೆ ಹೋದ ಕೂಡಲೇ ಹೆಣ್ಣಿನ ದೇಹ ಬದಲಾಗಿಬಿಡುತ್ತದೆಯೇ? ಬೇಕಾದ ಸಿಸೇರಿಯನ್ ಜೀವ ಉಳಿಸುತ್ತದೆ, ಅನುಮಾನವೇ ಬೇಡ. ಬೇಡದ್ದು ಮುಂದಿನ ಬಸಿರಿಗೂ ಅಪಾಯ ಹೊತ್ತು ತರುತ್ತದೆ. ಈ ಭಯವೇ ಕೆಲವರನ್ನು ವಿಡಿಯೋಗಳ ಕೈಗೆ ತಳ್ಳುತ್ತಿದೆ.

ಹಾಗಾದರೆ ದಾರಿ? ದಾರಿ ಸೂಲಗಿತ್ತಿಯೇ. ಆದರೆ ಅವಳು ಇರಬೇಕಾದದ್ದು ಆಸ್ಪತ್ರೆಯೊಳಗೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ. ತೊಡಕಿಲ್ಲದ ಹೆರಿಗೆ ಅವರದೇ ಜವಾಬ್ದಾರಿ, ತೊಡಕಾದರೆ ಡಾಕ್ಟರ್ ಅಲ್ಲೇ ಹತ್ತಿರದಲ್ಲಿ. ಪಕ್ಕದ ತೆಲಂಗಾಣ ಅದಕ್ಕೂ ಮೊದಲೇ, 2017ರಲ್ಲೇ, ಇಂಥ ತರಬೇತಿ ಶುರು ಮಾಡಿತ್ತು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆ ಅವಳಿಗೆ ಬೇಕಾದವರೊಬ್ಬರು ಇರಬಹುದು ಅಂತ ಸರ್ಕಾರದ ‘ಲಕ್ಷ್ಯ’ ಕಾರ್ಯಕ್ರಮವೂ ಹೇಳುತ್ತದೆ. ಕಾಗದದಲ್ಲಿ ಎಲ್ಲ ಇದೆ. ನಿಮ್ಮ ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಇದೆಯಾ? ಕೇಳಬೇಕಾದ ಪ್ರಶ್ನೆ ಅದು.

ಮನೆಯಲ್ಲಿ ಗರ್ಭಿಣಿ ಇದ್ದರೆ ಏಳನೇ ತಿಂಗಳಲ್ಲೇ ಆಸ್ಪತ್ರೆಗೆ ಹೋಗಿ ನಾಲ್ಕು ಮಾತು ಕೇಳಿ. ಹೆರಿಗೆ ಹೊತ್ತಿನಲ್ಲಿ ಜೊತೆಗೆ ಒಬ್ಬರನ್ನು ಬಿಡ್ತೀರಾ? ಎದ್ದು ಓಡಾಡೋಕೆ ಬಿಡ್ತೀರಾ? ಇಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್ ಆಗುತ್ತೆ? ರಾತ್ರಿ ಎರಡು ಗಂಟೆಗೆ ರಕ್ತ ಬೇಕಾದರೆ ಎಲ್ಲಿಂದ, ಎಷ್ಟು ನಿಮಿಷದಲ್ಲಿ ಬರುತ್ತೆ? ಉತ್ತರ ಕೊಡುವುದಕ್ಕೆ ಮುಖ ಸಿಂಡರಿಸುವ ಆಸ್ಪತ್ರೆಯಾದರೆ ಬೇರೆ ಆಸ್ಪತ್ರೆ ಹುಡುಕಿ. ಆಸ್ಪತ್ರೆಯನ್ನೇ ಬಿಡಬೇಡಿ.

2018ರ ಡಿಸೆಂಬರ್ 25ರಂದು ನರಸಮ್ಮ ತೀರಿಕೊಂಡರು, 98 ವರ್ಷ. ನಾನು ಬಾಣಂತನದಲ್ಲಿದ್ದೆ. ಮಡಿಲಲ್ಲಿ ಮಗು, ಎದುರಿಗೆ ಟಿವಿ. ಸಹೋದ್ಯೋಗಿಯೊಬ್ಬರು ಆ ಸುದ್ದಿ ಓದುತ್ತಿದ್ದರು. ಅಮ್ಮ ಒಗ್ಗರಣೆ ಹಾಕುವುದು ಬಿಟ್ಟು ಬಂದು ನಿಂತರು. “ಪುಣ್ಯಾತ್ಗಿತ್ತಿ, ಯಾರನ್ನೂ ಗದರಿಸಿರಲಿಕ್ಕಿಲ್ಲ” ಅಂದರು.

ನಮ್ಮ ಹೆರಿಗೆ ಕೋಣೆಗಳಲ್ಲಿ ಔಷಧಿ ಇದೆ, ಯಂತ್ರ ಇದೆ, ರಕ್ತ ಇದೆ. ಇಲ್ಲದ್ದು ಆ ಕೈ. ಅದನ್ನು ಒಳಗೆ ತರುವುದು ಸರ್ಕಾರದ ಕೆಲಸ. ತರುವ ತನಕ ಕೇಳುತ್ತಲೇ ಇರುವುದು ನನ್ನ ಮತ್ತು ನಿಮ್ಮ ಕೆಲಸ.