ಮುಗಿದ ಸೆಲ್ಲಿನಿಂದ ಬೆಳಗುವ ಎಲ್‌ಇಡಿ: ತೋರಿಸಿದರೆ ಸಾಲದು, ಅಳೆಯಬೇಕು

ಆಟಿಕೆ ಕಾರಿಗೆ ಸಾಲದೆಂದು ತೆಗೆದಿಟ್ಟ ಸೆಲ್ಲಿನಿಂದಲೂ ಬಿಳಿ ಎಲ್‌ಇಡಿಯನ್ನು ಬೆಳಗಿಸುವ ಒಂದು ಸಣ್ಣ ವಿದ್ಯುನ್ಮಂಡಲವಿದೆ. ಒಂದು ಟ್ರಾನ್ಸಿಸ್ಟರ್, ಒಂದು ರೋಧಕ, ಉಂಗುರಕ್ಕೆ ಸುತ್ತಿದ ಎರಡು ತಂತಿ, ಒಂದು ಎಲ್‌ಇಡಿ: ಇಷ್ಟೇ ಸಾಮಗ್ರಿ. ಇಂಟರ್ನ್‌ಶಿಪ್ ಅವಧಿಯಲ್ಲಿ ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಪೂರಕ ಚಟುವಟಿಕೆಯಾಗಿ ನಾನು ಇದನ್ನು ಬಳಸಿದೆ. ಮೊದಲು ಬೆಳಕನ್ನಷ್ಟೇ ತೋರಿಸಿ, ಯಾವ ವಿವರಣೆಯನ್ನೂ ಕೊಡದೆ, ‘ಇಲ್ಲಿ ಏನಾಗುತ್ತಿದೆ?’ ಎಂದು ಒಂದು ವಾಕ್ಯ ಬರೆಯಲು ಹೇಳಿದೆ. ಹೆಚ್ಚಿನ ಮಕ್ಕಳು ಬರೆದದ್ದರ ಅರ್ಥ ಒಂದೇ: ಈ ಮಂಡಲ ಸೆಲ್ಲಿನ ಶಕ್ತಿಯನ್ನು ಹೆಚ್ಚು ಮಾಡುತ್ತದೆ.

ಇವರೆಲ್ಲ ಒಂಬತ್ತನೇ ತರಗತಿಯಲ್ಲಿ ಶಕ್ತಿ ಸಂರಕ್ಷಣಾ ನಿಯಮ ಓದಿದ ಮಕ್ಕಳು. ನಿಯಮ ಬಾಯಿಪಾಠವಾಗಿದೆ, ಆದರೆ ಕಣ್ಣೆದುರಿನ ಬೆಳಕು ಅದಕ್ಕೆ ವಿರುದ್ಧವಾಗಿ ಕಂಡಾಗ ಕಣ್ಣೇ ಗೆಲ್ಲುತ್ತದೆ. ಪ್ರಯೋಗವನ್ನು ಅಲ್ಲಿಗೇ ಬಿಟ್ಟರೆ ತಪ್ಪು ಕಲ್ಪನೆಯನ್ನು ನಾವೇ ಗಟ್ಟಿಮಾಡಿದಂತಾಗುತ್ತದೆ. ‘ಉಚಿತ ವಿದ್ಯುತ್’ ಯಂತ್ರಗಳ ವಿಡಿಯೋಗಳು ಮಕ್ಕಳ ಕೈಗೇ ಬರುವ ಈ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಈ ಚಟುವಟಿಕೆಯ ಮುಖ್ಯ ಭಾಗ ಬೆಳಕಲ್ಲ, ಅಳತೆ.

ಮಂಡಲದ ಜೋಡಣೆ

ಬ್ರಿಟನ್ನಿನ ‘ಎವೆರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ 1999ರ ನವೆಂಬರ್ ಸಂಚಿಕೆಯಲ್ಲಿ ಝಡ್. ಕಾಪಾರ್ನಿಕ್ ಎಂಬವರು ಈ ಮಂಡಲವನ್ನು ಪ್ರಕಟಿಸಿದರು. ಹವ್ಯಾಸಿಗಳು ಇಟ್ಟ ‘ಜೌಲ್ ಥೀಫ್’ ಎಂಬ ಹೆಸರು ಅನಂತರ ಬಂದದ್ದು. ಹೆಸರಿನಲ್ಲಿ ಕಳ್ಳನಿದ್ದರೂ ಇಲ್ಲಿ ಕಳ್ಳತನವೇನೂ ಇಲ್ಲ. ಸೆಲ್ಲಿನಲ್ಲಿ ಉಳಿದಿದ್ದುದನ್ನೇ ಇದು ಬಳಸುತ್ತದೆ.

ಫೆರೈಟ್ ಉಂಗುರಕ್ಕೆ ಎರಡು ಬಣ್ಣದ ತಂತಿಗಳನ್ನು ಜೊತೆಯಾಗಿ 15 ಸುತ್ತು ಸುತ್ತಬೇಕು. ಒಂದು ತಂತಿಯ ಆರಂಭವನ್ನು ಇನ್ನೊಂದರ ಕೊನೆಗೆ ಸೇರಿಸಿ ಸೆಲ್ಲಿನ ಧನ ತುದಿಗೆ ಕೊಡಬೇಕು. ಉಳಿದ ಎರಡು ತುದಿಗಳಲ್ಲಿ ಒಂದು ನೇರವಾಗಿ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ, ಇನ್ನೊಂದು 1 ಕಿಲೋಓಮ್ ರೋಧಕದ ಮೂಲಕ ಬೇಸಿಗೆ. ಎಮಿಟರ್ ಸೆಲ್ಲಿನ ಋಣ ತುದಿಗೆ. ಎಲ್‌ಇಡಿಯ ಧನ ಕಾಲು ಕಲೆಕ್ಟರಿಗೆ, ಋಣ ಕಾಲು ಎಮಿಟರಿಗೆ. ಬಿಸಿ 547 ಟ್ರಾನ್ಸಿಸ್ಟರ್ ಸಾಕು. ಬೆಳಗದಿದ್ದರೆ ಒಂದು ತಂತಿಯ ಎರಡು ತುದಿಗಳನ್ನು ಅದಲು ಬದಲು ಮಾಡಿ ನೋಡಬೇಕು.

ಉಂಗುರ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಕೆಟ್ಟ ಸಿಎಫ್‌ಎಲ್ ಬಲ್ಬಿನ ತಳದಲ್ಲೂ ಸಣ್ಣದೊಂದು ಇರುತ್ತದೆ. ಆದರೆ ಬಲ್ಬನ್ನು ಮಕ್ಕಳ ಕೈಯಲ್ಲಿ ಬಿಚ್ಚಿಸಬಾರದು. ಅದರ ಗಾಜಿನ ಕೊಳವೆಯಲ್ಲಿ ಪಾದರಸವಿದೆ.

ಒಳಗೆ ನಡೆಯುವುದೇನು?

ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ವಿಭವಾಂತರ ಬೇಕು. ಹಳೆಯ ಸೆಲ್ಲಿನಲ್ಲಿ 1.2 ವೋಲ್ಟ್ ಇದ್ದರೆ ಹೆಚ್ಚು. ನೇರವಾಗಿ ಜೋಡಿಸಿದರೆ ಎಲ್‌ಇಡಿ ಬೆಳಗುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ತೋರಿಸಬೇಕು.

ಮಂಡಲ ಜೋಡಿಸಿದಾಗ ರೋಧಕದ ಮೂಲಕ ಬೇಸಿಗೆ ಸ್ವಲ್ಪ ವಿದ್ಯುತ್ ಹರಿದು ಟ್ರಾನ್ಸಿಸ್ಟರ್ ತೆರೆದುಕೊಳ್ಳುತ್ತದೆ. ಕಲೆಕ್ಟರ್ ಸುರುಳಿಯಲ್ಲಿ ಪ್ರವಾಹ ಏರತೊಡಗುತ್ತದೆ. ಏರುವ ಪ್ರವಾಹ ಇನ್ನೊಂದು ಸುರುಳಿಯಲ್ಲಿ ವಿಭವಾಂತರವನ್ನು ಪ್ರೇರಿಸಿ ಟ್ರಾನ್ಸಿಸ್ಟರನ್ನು ಇನ್ನಷ್ಟು ತೆರೆಯುತ್ತದೆ. ಇಷ್ಟು ಹೊತ್ತು ಸೆಲ್ಲಿನ ಶಕ್ತಿ ಉಂಗುರದ ಕಾಂತಕ್ಷೇತ್ರದಲ್ಲಿ ಕೂಡಿಕೊಳ್ಳುತ್ತಿರುತ್ತದೆ. ಪ್ರವಾಹ ಇನ್ನು ಏರಲಾರದ ಹಂತ ತಲುಪಿದಾಗ ಆ ಪ್ರೇರಿತ ಒತ್ತಾಸೆ ನಿಲ್ಲುತ್ತದೆ, ಟ್ರಾನ್ಸಿಸ್ಟರ್ ತಟ್ಟನೆ ಮುಚ್ಚಿಕೊಳ್ಳುತ್ತದೆ. ಸುರುಳಿಯ ಪ್ರವಾಹ ಒಮ್ಮೆಲೇ ನಿಲ್ಲಲಾರದು. ಅದು ವಿಭವಾಂತರವನ್ನು 3 ವೋಲ್ಟಿಗೂ ಮೇಲಕ್ಕೆ ಏರಿಸಿಕೊಂಡು ಎಲ್‌ಇಡಿಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಕೂಡಿಟ್ಟ ಶಕ್ತಿ ಬೆಳಕಾಗಿ ಖರ್ಚಾದ ಮೇಲೆ ಮತ್ತೆ ಮೊದಲಿನಿಂದ ಆರಂಭ. ನಾನು ಜೋಡಿಸಿದ ಮಂಡಲದಲ್ಲಿ ಈ ಆಂದೋಲನ ಸೆಕೆಂಡಿಗೆ ಸುಮಾರು 40,000 ಸಲ ನಡೆಯುತ್ತಿತ್ತು. ಆದ್ದರಿಂದಲೇ ಮಿನುಗು ಕಣ್ಣಿಗೆ ಕಾಣುವುದಿಲ್ಲ.

ಮೀಟರ್ ಒಡ್ಡುವ ಒಗಟು

ಈಗ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಬೆಳಗುತ್ತಿರುವ ಎಲ್‌ಇಡಿಯ ಎರಡು ಕಾಲುಗಳಿಗೆ ಹಿಡಿಯಿರಿ. 3 ವೋಲ್ಟ್ ಬರುತ್ತದೆಂದು ಮಕ್ಕಳು ಕಾಯುತ್ತಾರೆ. ಬರುವುದು ಸುಮಾರು 1.1 ವೋಲ್ಟ್, ಸೆಲ್ಲಿಗಿಂತ ಹೆಚ್ಚೇನಲ್ಲ! ‘ಮೀಟರ್ ಕೆಟ್ಟಿದೆ ಸರ್’ ಎಂಬ ಮಾತು ತರಗತಿಯಲ್ಲಿ ಕೂಡಲೇ ಬಂತು.

ಮೀಟರ್ ಕೆಟ್ಟಿಲ್ಲ. ಅದು ತೋರಿಸುವುದು ಸರಾಸರಿಯನ್ನು. ಮಳೆಮಾಪಕ ದಿನದ ಒಟ್ಟು ಮಳೆಯನ್ನು ಹೇಳುತ್ತದೆಯೇ ಹೊರತು ನಡುವೆ ಹತ್ತು ನಿಮಿಷ ಧೋ ಎಂದು ಸುರಿದದ್ದನ್ನು ಹೇಳುವುದಿಲ್ಲ. ಇಲ್ಲಿಯೂ ಒಂದು ಆವರ್ತದ ಮೂರನೇ ಒಂದು ಭಾಗದಷ್ಟು ಹೊತ್ತು ವಿಭವಾಂತರ 3 ವೋಲ್ಟ್ ದಾಟಿರುತ್ತದೆ, ಉಳಿದ ಹೊತ್ತು ಸೊನ್ನೆಯ ಹತ್ತಿರ ಇರುತ್ತದೆ.

ಇದನ್ನು ಮಾತಿನಲ್ಲಿ ಒಪ್ಪಿಸುವ ಬದಲು ತೋರಿಸಬಹುದು. ಕಲೆಕ್ಟರಿನಿಂದ 1ಎನ್4148 ಡಯೋಡ್ ಮೂಲಕ 1 ಮೈಕ್ರೋಫ್ಯಾರಡ್ ಧಾರಕಕ್ಕೆ ಜೋಡಿಸಿ, ಧಾರಕದ ಇನ್ನೊಂದು ಕಾಲನ್ನು ಎಮಿಟರಿಗೆ ಕೊಟ್ಟರೆ ಅದು ಶಿಖರ ಮೌಲ್ಯವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಮೀಟರ್ ಈಗ ಎರಡೂವರೆ ವೋಲ್ಟಿನ ಆಸುಪಾಸು ತೋರಿಸುತ್ತದೆ. ಡಯೋಡಿನಲ್ಲಿ ಕಳೆದುಹೋದ ಅರ್ಧ ವೋಲ್ಟನ್ನು ಕೂಡಿಸಿಕೊಳ್ಳಬೇಕು. ಹತ್ತು ರೂಪಾಯಿಯೂ ಆಗದ ಪರೀಕ್ಷಾ ಸಾಧನ ಇದು.

ಆಸಿಲೋಸ್ಕೋಪ್ ಇದ್ದರೆ ಅಲೆಯ ಆಕಾರವೇ ಕಾಣುತ್ತದೆ. ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ ‘ಎಕ್ಸ್‌ಪೈಸ್’ ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸಿದರೂ ಸಾಕು. ಏನೂ ಇಲ್ಲದ ಶಾಲೆಯಲ್ಲಿ ಹಳೆಯ ಮಧ್ಯಮ ತರಂಗ ರೇಡಿಯೋವನ್ನು ಮಂಡಲದ ಪಕ್ಕ ಹಿಡಿಯಬಹುದು. ಸೆಲ್ ಜೋಡಿಸಿದ ಕೂಡಲೇ ಕೇಳುವ ಗೊರಗೊರ ಸದ್ದು ಒಳಗಿನ ಆಂದೋಲನಕ್ಕೆ ಸಾಕ್ಷಿ.

ಶಕ್ತಿಯ ಲೆಕ್ಕ

ಸೆಲ್ಲಿನ ದಾರಿಯಲ್ಲೊಂದು, ಎಲ್‌ಇಡಿಯ ದಾರಿಯಲ್ಲೊಂದು, ಹೀಗೆ ಎರಡು 1 ಓಮ್ ರೋಧಕಗಳನ್ನು ಸರಣಿಯಲ್ಲಿ ಸೇರಿಸಬೇಕು. ಓಮನ ನಿಯಮದಂತೆ ಅವುಗಳ ಮೇಲಿನ ಮಿಲಿವೋಲ್ಟ್ ಓದಿಕೆಯೇ ಮಿಲಿಆಂಪಿಯರ್ ಪ್ರವಾಹ. ಸೆಲ್ ಕಡೆಯ ರೋಧಕ ದಾಟಿದ ಮೇಲೆ ಮಂಡಲಕ್ಕೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಧಾರಕವಿದ್ದರೆ ಓದಿಕೆ ಸ್ಥಿರವಾಗಿರುತ್ತದೆ. ಮೀಟರಿನ ಆಂಪಿಯರ್ ವ್ಯಾಪ್ತಿ ಇಲ್ಲಿ ಬೇಡ. ಅಗ್ಗದ ಮೀಟರುಗಳ 20 ಮಿಲಿಆಂಪಿಯರ್ ವ್ಯಾಪ್ತಿಯಲ್ಲಿ ಒಳರೋಧವೇ ಸುಮಾರು 10 ಓಮ್, 1.2 ವೋಲ್ಟಿನ ಮಂಡಲಕ್ಕೆ ಅದು ಭಾರ.

ನಮಗೆ ಸಿಕ್ಕ ಅಂಕಿಗಳು: ಸೆಲ್ಲಿನಿಂದ 1.2 ವೋಲ್ಟ್, 35 ಮಿಲಿಆಂಪಿಯರ್. ಅಂದರೆ 42 ಮಿಲಿವ್ಯಾಟ್ ಸಾಮರ್ಥ್ಯ. ಎಲ್‌ಇಡಿಯಲ್ಲಿ ಸರಾಸರಿ 9 ಮಿಲಿಆಂಪಿಯರ್. ಪ್ರವಾಹ ಹರಿಯುವಾಗಲೆಲ್ಲ ಅದರ ವಿಭವಾಂತರ ಸುಮಾರು 3.1 ವೋಲ್ಟ್ ಆಗಿರುವುದರಿಂದ 28 ಮಿಲಿವ್ಯಾಟ್. ಒಳಹೋದ ಮೂರು ಪಾಲಿನಲ್ಲಿ ಎಲ್‌ಇಡಿಗೆ ತಲುಪಿದ್ದು ಎರಡು ಪಾಲು. ಉಳಿದದ್ದು ಟ್ರಾನ್ಸಿಸ್ಟರ್, ತಂತಿ, ಉಂಗುರ, ರೋಧಕಗಳಲ್ಲಿ ಶಾಖವಾಗಿದೆ.

ಈ ಎರಡು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದ ಮೇಲೆ ಮಕ್ಕಳಿಗೆ ತಮ್ಮ ಮೊದಲ ವಾಕ್ಯವನ್ನು ತಿದ್ದಲು ಹೇಳಿದೆ. ಒಬ್ಬಳು ಹೀಗೆ ಬರೆದಳು: ‘ವೋಲ್ಟ್ ಜಾಸ್ತಿ ಆಯ್ತು, ಕರೆಂಟ್ ಕಮ್ಮಿ ಆಯ್ತು, ಶಕ್ತಿ ಸ್ವಲ್ಪ ಸೋರಿಹೋಯ್ತು.’ ಪಠ್ಯಪುಸ್ತಕದ ಭಾಷೆ ಅಲ್ಲ. ಆದರೆ ನನ್ನ ಪಾಠ ಯೋಜನೆಯ ಕಲಿಕಾ ಫಲ ಇದೇ ಆಗಿತ್ತು.

ಸಹಪ್ರಶಿಕ್ಷಣಾರ್ಥಿಗಳಿಗೆ

ಇದಕ್ಕೆ ಎರಡು ಅವಧಿ ಬೇಕು: ಮೊದಲನೆಯದರಲ್ಲಿ ಜೋಡಣೆ ಮತ್ತು ಊಹೆ, ಎರಡನೆಯದರಲ್ಲಿ ಅಳತೆ ಮತ್ತು ತಿದ್ದುಪಡಿ. ಆರು ಮಕ್ಕಳಿಗೊಂದು ಮಂಡಲ ಸಾಕು. ಮಂಡಲ ನಡೆಯುತ್ತಿರುವಾಗ ಎಲ್‌ಇಡಿಯನ್ನು ಕೀಳಬಾರದು; ಸುರುಳಿಯ ಶಕ್ತಿಗೆ ಬೇರೆ ದಾರಿಯಿಲ್ಲದೆ ವಿಭವಾಂತರ ಏರಿ ಟ್ರಾನ್ಸಿಸ್ಟರ್ ಹಾಳಾಗಬಹುದು. ಸೋರಿದ ಸೆಲ್ಲುಗಳನ್ನು ತರಗತಿಗೆ ತರಬೇಡಿ. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕಾದೀತು: ‘ಎಲ್‌ಇಡಿಗೆ 3 ವೋಲ್ಟ್ ಬೇಕು, ಮೀಟರ್ 1.1 ತೋರಿಸುತ್ತಿದೆ, ಆದರೂ ಬೆಳಕಿದೆ. ಏಕೆ?’