ಹಾರುವ ಯಂತ್ರದ ಕೊರಳು

ನನ್ನ ಊರು ಹಲಗೂರು. ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಕೇಳಿದವರಿಗೆ ಈ ಹೆಸರು ಹೊಸದಲ್ಲ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಿ ಬಂದುದು ಇಲ್ಲಿನ ಪಾಂಚಾಳರ ಕುಲುಮೆಗಳಿಗೆ. ಕೇಳಿದೊಡನೆ ಕೊಟ್ಟು ಕಳುಹಿಸುವ ಜನ ಅವರಲ್ಲ. ಬಂದವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡಿದರೆಂದು ಕಥೆ ಹೇಳುತ್ತದೆ. ಇಂಥ ಊರಿನವನಾದ ನನಗೆ, ಕನ್ನಡ ಪಾಠ ಹೇಳುವುದು ವೃತ್ತಿಯಾದರೂ, ಲೋಹಕ್ಕೆ ಲೋಹ ಕೂಡುವ ಜಾಗದ ಮೇಲೆ ಮೊದಲಿನಿಂದಲೂ ಕುತೂಹಲ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ರೇಡಿಯೊ ವಾರ್ತೆಯ ನಡುವೆ ಥಟ್ಟನೆ ಮೌನ ತಾಳುತ್ತಿತ್ತು. ತಂದೆಯವರು ಅದರ ನೆತ್ತಿಗೊಂದು ಪೆಟ್ಟು ಕೊಡುವರು. ಅದು ಮತ್ತೆ ಮಾತನಾಡುವುದು. ಕೊನೆಗೊಮ್ಮೆ ರಿಪೇರಿಯವರು ಬಿಚ್ಚಿ ನೋಡಿದಾಗ ಕಂಡದ್ದು, ಕೂದಲೆಳೆಯಷ್ಟು ಬಿರುಕು ಬಿಟ್ಟ ಒಂದು ಬೆಸುಗೆ. ನೆಲದ ಮೇಲೆ ಇದು ನಗೆಯ ಪ್ರಸಂಗ. ಆದರೆ ಇಬ್ಬರೇ ಕುಳಿತು ಹಾರುವ ಪುಟ್ಟ ವಿಮಾನದಲ್ಲಿ, ಇಳಿಯಲು ಅನುಮತಿ ಕೇಳುವ ಹೊತ್ತಿಗೆ ಹೀಗಾದರೆ? ಅಲ್ಲಿ ಪೆಟ್ಟು ಕೊಡಲು ಪುರುಸೊತ್ತೆಲ್ಲಿ?

ಇಂಥ ಪುಟ್ಟ ವಿಮಾನಗಳು ನಮಗೆ ದೂರದವೇನಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯ ‘ಪುಷ್ಪಕ್’ 1958ರಲ್ಲಿ ಮೊದಲು ಹಾರಿತು. ಉಕ್ಕಿನ ಕೊಳವೆಗಳ ಅಸ್ಥಿಪಂಜರಕ್ಕೆ ಬಟ್ಟೆಯ ಹೊದಿಕೆ ಅದರದು. ಅದೇ ನಗರದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ‘ಹಂಸ’ 1993ರಲ್ಲಿ ಗಗನವನ್ನೇರಿತು. ಅದರ ಮೈ ಗಾಜಿನ ಎಳೆ, ಇಂಗಾಲದ ಎಳೆಗಳದು. ಮೈ ಬದಲಾದರೆ ತಂತಿಯ ಲೆಕ್ಕವೂ ಬದಲಾಗುತ್ತದೆ. ಲೋಹದ ಮೈಯಾದರೆ ವಿದ್ಯುತ್ತು ಬ್ಯಾಟರಿಗೆ ಮರಳಲು ಆ ಮೈಯೇ ದಾರಿ. ಎಳೆಗಳ ಮೈಯನ್ನು ಹಾಗೆ ನಂಬುವಂತಿಲ್ಲ. ಮರಳುವುದಕ್ಕೂ ಬೇರೆ ತಂತಿ ಬೇಕು. ಅಂದರೆ ಕೂಡುವ ಜಾಗಗಳು ಇನ್ನಷ್ಟು ಹೆಚ್ಚು.

ಬೆಸುಗೆಯೋ, ಬಿಗಿತವೋ?

ತಂತಿಯ ತುದಿಯನ್ನು ಕೂಡಿಸಲು ಎರಡು ಮಾರ್ಗಗಳುಂಟು. ಒಂದು ಸೀಸ-ತವರಗಳ ಬೆಸುಗೆ. ಇನ್ನೊಂದು, ತವರದ ಲೇಪವಿರುವ ತಾಮ್ರದ ಲಗ್‌ನೊಳಗೆ ತಂತಿಯನ್ನು ತೂರಿಸಿ ತಕ್ಕ ಇಕ್ಕಳದಿಂದ ಅದುಮುವುದು. ಇದಕ್ಕೆ ಕ್ರಿಂಪಿಂಗ್ ಎಂದು ಹೆಸರು. ಬೆಸುಗೆಯೇ ಗಟ್ಟಿಯೆಂದು ನಮಗೆ ತೋರುವುದು ಸಹಜ. ವಿಮಾನದಲ್ಲಿ ಮಾತ್ರ ಅದುಮಿದ ಲಗ್ಗಿಗೇ ಹೆಚ್ಚು ಮನ್ನಣೆ. ಕರಗಿದ ಬೆಸುಗೆ ತಂತಿಯ ಎಳೆಗಳ ನಡುವೆ ಮೇಲೇರಿ, ಬಳುಕುವ ತಂತಿಯನ್ನು ಕಡ್ಡಿಯಂತೆ ಸೆಡೆಸುತ್ತದೆ. ಸೆಡೆತ ಮುಗಿದು ಬಳುಕು ಆರಂಭವಾಗುವ ಗೆರೆಯಲ್ಲಿಯೇ ಅಲುಗಾಟದ ಪೆಟ್ಟೆಲ್ಲ ಬೀಳುತ್ತದೆ. ನಿಮಿಷಕ್ಕೆ 2,400 ಸುತ್ತು ತಿರುಗುವ ಎಂಜಿನ್ನು ಗಂಟೆಗೆ 1,44,000 ಸುತ್ತು ತಿರುಗುವುದೆಂದರೆ, ಆ ಗೆರೆಯ ಪಾಡೇನು? ಬೆಸುಗೆ ಸಲ್ಲದೆಂದಲ್ಲ, ಹಾಕಿದರೆ ತಂತಿಗೆ ಹತ್ತಿರದಲ್ಲಿಯೇ ಆಧಾರ ಕೊಟ್ಟು ಕಟ್ಟಬೇಕು.

ಲಗ್‌ಗಳಿಗೆ ಬಣ್ಣದ ಗುರುತುಂಟು: ಸಣ್ಣ ತಂತಿಗೆ ಕೆಂಪು, ಅದಕ್ಕಿಂತ ದಪ್ಪಕ್ಕೆ ನೀಲಿ, ಇನ್ನೂ ದಪ್ಪಕ್ಕೆ ಹಳದಿ. ಅಳತೆ ತಪ್ಪಿದ ಲಗ್, ಪರರ ಪಾದರಕ್ಷೆಯಂತೆ, ಎಂದೋ ಒಂದು ದಿನ ಜಾರುವುದು. ಅದುಮಿದ ಮೇಲೆ ಪ್ರತಿಯೊಂದನ್ನೂ ಎಳೆದು ನೋಡಬೇಕು. ಬಿಚ್ಚಿ ಹಾಕುವ ಕನೆಕ್ಟರಾದರೆ ವಿದ್ಯುತ್ತು ಬರುವ ಕಡೆಗೆ ಕುಳಿಯಿರಲಿ, ಹೋಗುವ ಕಡೆಗೆ ಮುಳ್ಳಿರಲಿ. ಕಳಚಿದಾಗ ಜೀವಂತ ಮುಳ್ಳು ಲೋಹಕ್ಕೆ ತಾಗಿ ಕಿಡಿಯಾಗುವುದು ಇದರಿಂದ ತಪ್ಪುತ್ತದೆ.

ಕಿಡಿಯ ಭಯ ಕಲ್ಪನೆಯದಲ್ಲ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ ವಿಮಾನ ಕೆನಡದ ಕರಾವಳಿಯ ಬಳಿ ಸಮುದ್ರಕ್ಕೆ ಬಿದ್ದು 229 ಮಂದಿ ಮಡಿದರು. ತಂತಿಯೊಂದರಲ್ಲಿ ಹಾರಿದ ಕಿಡಿ ಪಕ್ಕದ ಹೊದಿಕೆಗೆ ಹೊತ್ತಿಕೊಂಡುದೇ ಬೆಂಕಿಯ ಮೂಲವಾಗಿರಬೇಕೆಂದು ತನಿಖೆ ಕಂಡುಕೊಂಡಿತು. ಅಷ್ಟು ದೊಡ್ಡ ವಿಮಾನಕ್ಕೂ ಇಷ್ಟು ಸಣ್ಣ ಶತ್ರು!

ಯಾವ ರೇಡಿಯೊ?

ವಿಮಾನದ ಮಾತು ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ, 121.5 ಆಪತ್ತಿನ ಕರೆಗೆ ಮೀಸಲು. ನಮ್ಮ ಎಫ್.ಎಂ. ಬಾನುಲಿಯ ರೀತಿ ಇಲ್ಲಿಲ್ಲ. ಎಫ್.ಎಂ.ನಲ್ಲಿ ಬಲವುಳ್ಳ ದನಿ ದುರ್ಬಲ ದನಿಯನ್ನು ಪೂರ್ತಿ ನುಂಗಿಬಿಡುವುದು. ವಿಮಾನದ ಎ.ಎಂ. ರೀತಿಯಲ್ಲಿ ಇಬ್ಬರು ಒಮ್ಮೆಲೇ ಮಾತನಾಡಿದರೆ ಸಿಳ್ಳಿನಂಥ ಸದ್ದು ಕೇಳಿ, ಇನ್ನೊಬ್ಬನೂ ಕೂಗುತ್ತಿದ್ದಾನೆಂದು ತಿಳಿಯುತ್ತದೆ. ಕ್ಷೀಣ ಸ್ವರದವನ ಪ್ರಾಣ ಉಳಿಯಲು ಅಷ್ಟೇ ಸಾಕಾಗಬಹುದು.

ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಹಲಗೂರಿಗೂ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣಕ್ಕೂ ಹಕ್ಕಿ ಹಾರುವ ದಾರಿ ಸುಮಾರು 80 ಕಿಲೋಮೀಟರ್. ನಮ್ಮೂರ ಮೇಲೆ 500 ಅಡಿ ಎತ್ತರದಲ್ಲಿ ಹಾರುವಾತನ ದನಿ, ನೆಲ ಸಮತಟ್ಟೆಂದು ಭಾವಿಸಿದರೂ, 50 ಕಿಲೋಮೀಟರಿನಷ್ಟೇ ಮುಟ್ಟೀತು. 4,000 ಅಡಿಗೆ ಏರಿದರೆ 140ರವರೆಗೆ ಮುಟ್ಟುವುದು. ಆದ್ದರಿಂದ ಬರಿಯ ಶಕ್ತಿಯ ಅಂಕಿಗೆ ಮರುಳಾಗಿ ರೇಡಿಯೊ ಕೊಳ್ಳಬಾರದು. ಹಗುರವಾಗಿರಲಿ, ಕಡಿಮೆ ವಿದ್ಯುತ್ತು ಬೇಡಲಿ, ಅಧಿಕೃತ ಮನ್ನಣೆ ಪಡೆದಿರಲಿ. ಏರಿಯಲ್ ಸುಮಾರು ಎರಡಡಿಯ ಕಡ್ಡಿ. ಬಟ್ಟೆಯ ಅಥವಾ ಎಳೆಗಳ ಮೈಯಲ್ಲಿ ಅದರ ಬುಡಕ್ಕೆ ಲೋಹದ ಹಾಳೆ ಹಾಸಬೇಕು.

ಕಡೆಯ ಮಾತು ಮತ್ತೆ ಕೂಡುವ ಜಾಗದ್ದೇ. ರೇಡಿಯೊ ಕೇಳುವಾಗ ಬೇಡುವುದಕ್ಕಿಂತ ಮಾತನಾಡುವಾಗ ಅನೇಕ ಪಟ್ಟು ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಸಡಿಲಗೊಂಡ ಲಗ್ ಒಂದರಲ್ಲಿ ಒಂದೇ ಓಮ್ ತಡೆಯಿದ್ದು, ಮೂರು ಆಂಪಿಯರ್ ಹರಿಯಬೇಕಾದರೆ, 14 ವೋಲ್ಟಿನಲ್ಲಿ ಮೂರು ಅಲ್ಲಿಯೇ ಸೋರಿಹೋಗುವುದು. ಚಾಲಕನಿಗೆ ಎಲ್ಲರ ಮಾತೂ ಕೇಳಿಸುತ್ತದೆ. ತಾನು ಗುಂಡಿ ಒತ್ತಿದೊಡನೆ ಅವನ ದನಿ ಮಾತ್ರ ಉಡುಗುತ್ತದೆ. ದೋಷ ರೇಡಿಯೊದ್ದೆಂದು ಹೊಸತನ್ನು ತಂದವರೂ ಇದ್ದಾರು!

ಪಾಂಚಾಳರು ಬಂದ ಗುರುವನ್ನೇ ಪರೀಕ್ಷೆ ಮಾಡಿ ನೋಡಿದರು. ಹಾರುವ ಯಂತ್ರಕ್ಕೆ ಕೊರಳು ಕೊಡಹೊರಟವರು, ಕೆಲವೇ ರೂಪಾಯಿಯ ಒಂದು ಲಗ್ಗನ್ನು ಎಳೆದು ನೋಡಲು ಬೇಸರಪಡಬಹುದೆ?