ಗಂಡುಮಕ್ಕಳೂ ಒಂದಿಷ್ಟು ಕೈಯಾಸರೆಯೂ

ಇಬ್ಬರು ಗಂಡುಮಕ್ಕಳ ತಾಯಿಗೆ ನಮ್ಮ ಸಮಾಜದಲ್ಲಿ ಅಭಿನಂದನೆಯೂ ಸಂತಾಪವೂ ಏಕಕಾಲಕ್ಕೆ ಸಲ್ಲುತ್ತವೆ. ಮದುವೆ ಮುಂಜಿಗಳಲ್ಲಿ ಎದುರಾಗುವ ಹಿರಿಯರು ಮೊದಲು, ‘ಎರಡೂ ಗಂಡೇ? ಪುಣ್ಯವಂತೆ ಕಣಮ್ಮ’ ಎನ್ನುತ್ತಾರೆ. ಕೈಯಲ್ಲಿನ ಎಲೆ ಅಡಿಕೆ ಬಾಯಿ ಸೇರುವಷ್ಟರಲ್ಲಿ, ‘ಒಂದು ಹೆಣ್ಣಿದ್ದಿದ್ದರೆ ನಿನಗೆ ಕೈಯಾಸರೆಯಾಗುತ್ತಿತ್ತು’ ಎಂಬ ಎರಡನೆಯ ವಾಕ್ಯವೂ ಹೊರಬೀಳುತ್ತದೆ. ಅಂದರೆ ಪುಣ್ಯವೂ ನನ್ನದೇ, ಪಾತ್ರೆಯೂ ನನ್ನದೇ. ಗಂಡುಮಗುವೂ ಕೈಯಾಸರೆಯಾಗಬಹುದೆಂಬ ಮೂರನೆಯ ಸಾಧ್ಯತೆ ಯಾರಿಗೂ ಹೊಳೆಯುವುದಿಲ್ಲ.

ಅವರನ್ನು ದೂರುವಂತಿಲ್ಲ, ಸರ್ಕಾರದ ಅಂಕಿ ಅಂಶಗಳೂ ಅವರ ಪರವಾಗಿಯೇ ಇವೆ. ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಅರಿಯಲು ಕೇಂದ್ರ ಸರ್ಕಾರ 2019ರಲ್ಲಿ ದೇಶವ್ಯಾಪಿ ಸಮಯ ಬಳಕೆ ಸಮೀಕ್ಷೆ ನಡೆಸಿತು. 2024ರಲ್ಲಿ ಮತ್ತೊಮ್ಮೆ ನಡೆಸಿತು. ಎರಡನೆಯದರ ಲೆಕ್ಕದಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ ವ್ಯಯಿಸಿದರೆ ಗಂಡಸರು 88 ನಿಮಿಷ ವ್ಯಯಿಸುತ್ತಾರೆ. ಅದೂ ತೊಡಗುವವರ ಮಾತಾಯಿತು. ಹೆಂಗಸರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಈ ಕೆಲಸಕ್ಕೆ ಕೈಹಚ್ಚಿದರೆ, ಗಂಡಸರಲ್ಲಿ 30 ಮಂದಿಯೂ ಇಲ್ಲ. 2019ರಲ್ಲಿ ಹೆಂಗಸರ ಪಾಲು 299 ನಿಮಿಷವಿತ್ತು. ಐದು ವರ್ಷಗಳಲ್ಲಿ ಹತ್ತು ನಿಮಿಷ ಉಳಿಯಿತೆಂದು ಹಿಗ್ಗೋಣವೆಂದರೆ, ಗಂಡಸರ ಪಾಲೂ 97ರಿಂದ 88ಕ್ಕೆ ಇಳಿದಿದೆ. ಆದ್ದರಿಂದ ಉಳಿತಾಯದ ಶ್ರೇಯಸ್ಸನ್ನು ಮಿಕ್ಸಿಗೋ ವಾಷಿಂಗ್ ಮಷೀನಿಗೋ ಸಲ್ಲಿಸುವುದು ಕ್ಷೇಮ.

ಈ ಸಮೀಕ್ಷೆಯಲ್ಲಿ ಆರು ವರ್ಷ ತುಂಬಿದವರನ್ನೆಲ್ಲ ಎಣಿಸುತ್ತಾರೆಂಬುದು ನನ್ನ ಕುತೂಹಲ ಕೆರಳಿಸಿದ ಸಂಗತಿ. ನಮ್ಮ ಹಿರಿಯ ಪುತ್ರನಿಗೆ ಒಂಬತ್ತು. ಕಿರಿಯನಿಗೆ ಗಣತಿಗೆ ಅರ್ಹನಾಗಲು ಇನ್ನು ಕೆಲವೇ ತಿಂಗಳು ಬಾಕಿ. ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗೆ ದಿನವನ್ನು ಅರ್ಧರ್ಧ ಗಂಟೆಯಾಗಿ ತುಂಡರಿಸಿ, ಅದರಲ್ಲಿ ಹತ್ತು ನಿಮಿಷವಾದರೂ ನಡೆದ ಕೆಲಸವನ್ನು ಬರೆದುಕೊಳ್ಳುವುದು ಸಮೀಕ್ಷೆಯ ಕ್ರಮ. ಆ ಗಣತಿದಾರರು ನಮ್ಮ ಮನೆಗೆ ಬಂದರೆ ಅವರ ಪಾಡೇನು?

ಬೆಳಿಗ್ಗೆ ಏಳರಿಂದ ಏಳೂವರೆಯ ಕೋಷ್ಟಕವನ್ನೇ ನೋಡಿ. ಹಿರಿಯವನು ಒಂದು ಕಾಲಿಗೆ ಸಾಕ್ಸ್ ಏರಿಸಿ, ಇನ್ನೊಂದನ್ನು ಕೈಗೆ ತೊಟ್ಟು ಹಾವಿನ ಹೆಡೆ ಮಾಡಿರುತ್ತಾನೆ. ಕಿರಿಯವನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕನಸಿನಲ್ಲಿ ಕಂಡ ಸಿಂಹದ ವೃತ್ತಾಂತ ನಿರೂಪಿಸುತ್ತಿರುತ್ತಾನೆ. ಅಷ್ಟರಲ್ಲಿ ಹಳದಿ ಲೋಟ ಯಾರದೆಂಬ ವ್ಯಾಜ್ಯ ಹುಟ್ಟುತ್ತದೆ, ತೀರ್ಪು ಬರುತ್ತದೆ, ತಕ್ಷಣವೇ ಮೇಲ್ಮನವಿಯೂ ದಾಖಲಾಗುತ್ತದೆ. ಹತ್ತು ನಿಮಿಷ ದಾಟುವ ಕೆಲಸ ಜಗಳವೊಂದೇ. ಅದೇ ಅರ್ಧ ಗಂಟೆಯ ನನ್ನ ಅಂಕಣದಲ್ಲಿ ದೋಸೆ ಹುಯ್ಯುವುದು, ಡಬ್ಬಿ ಕಟ್ಟುವುದು, ಸಾಕ್ಸ್ ಹುಡುಕುವುದು, ನ್ಯಾಯತೀರ್ಮಾನ ಇವಿಷ್ಟೂ ಇರುತ್ತವೆ.

ಹುಡುಕುವ ವಿಷಯ ಬಂದಾಗ ಗಂಡುಕಣ್ಣಿನ ರಚನೆಯ ಬಗೆಗೇ ನನಗೆ ಅನುಮಾನವುಂಟು. ಮಂಚದಡಿಯ ಕತ್ತಲೆಯಲ್ಲಿ, ಮೂರು ಸೂಟ್‌ಕೇಸುಗಳ ಹಿಂದೆ ಅಡಗಿದ ಕ್ರಿಕೆಟ್ ಚೆಂಡು ಆ ಕಣ್ಣಿಗೆ ಬೀಳುತ್ತದೆ; ಮೇಜಿನ ನಡುವೆ ನಿಂತ ನೀರಿನ ತಂಬಿಗೆ ಬೀಳುವುದಿಲ್ಲ. ‘ಅಮ್ಮಾ, ನೀರೆಲ್ಲಿ?’ ಎಂಬ ಕೂಗು ಎರಡು ಎಳೆಯ ಕಂಠಗಳಿಂದ ಹೊರಡುವ ಹೊತ್ತಿಗೆ ಸರಿಯಾಗಿ, ಒಳಕೋಣೆಯಿಂದ ‘ಕನ್ನಡಕ ಎಲ್ಲಿ?’ ಎಂಬ ಪ್ರೌಢ ಕಂಠವೂ ಕೇಳಿಬರುತ್ತದೆ. ಕನ್ನಡಕ ಹಣೆಯ ಮೇಲಿರುತ್ತದೆ.

ಇದು ಗಂಡಸಿನ ಜಾಯಮಾನ, ಅಡುಗೆಮನೆಗೂ ಅವನಿಗೂ ದೂರ ಎನ್ನುವವರು ಪರಂಪರೆಯನ್ನೊಮ್ಮೆ ತಿರುವಿ ನೋಡಬೇಕು. ರುಚಿಯ ಪರಾಕಾಷ್ಠೆಗೆ ನಾವಿಟ್ಟ ಹೆಸರು ನಳಪಾಕ, ಭೀಮಪಾಕ. ಇಬ್ಬರೂ ಗಂಡಸರು, ಒಬ್ಬನಂತೂ ಗದಾಧಾರಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೇ ಒಂದು ಭಾಗ ಮೀಸಲಿಟ್ಟು, ಇಡ್ಲಿಯ ಪೂರ್ವಜನೆನ್ನಲಾಗುವ ‘ಇಡ್ಡರಿಕಾ’ ಮಾಡುವ ಬಗೆಯನ್ನೂ ವಿವರಿಸಿದ್ದಾನೆ. ಇಂದಿಗೂ ಮದುವೆಮನೆಗಳಲ್ಲಿ ಸಾವಿರ ಎಲೆಗೆ ಹುಳಿ ಕುದಿಸುವವರು ಹೆಚ್ಚಾಗಿ ಗಂಡಸರೇ. ಊರಿಗೆ ಬೇಯಿಸಿದರೆ ಅದು ವಿದ್ಯೆ, ಮನೆಗೆ ಬೇಯಿಸಿದರೆ ಹೆಂಗಸರ ಕೆಲಸ ಎಂಬ ವಿಂಗಡಣೆ ಮಾತ್ರ ಹೇಗೋ ಉಳಿದುಬಂದಿದೆ.

ನಮ್ಮ ಮನೆಯಲ್ಲಿ ಈ ವಿಂಗಡಣೆಯನ್ನು ಕಳೆದ ಬೇಸಿಗೆ ರಜೆಯಲ್ಲಿ ರದ್ದುಪಡಿಸಲಾಯಿತು. ಅಕ್ಕಿ ತೊಳೆಯುವುದು ಹಿರಿಯನ ಪಾಲಿಗೆ, ಬೆಳ್ಳುಳ್ಳಿ ಸುಲಿಯುವುದು ಕಿರಿಯನ ಪಾಲಿಗೆ, ಉಂಡ ತಟ್ಟೆ ಎತ್ತುವುದು ಅವರವರ ಪಾಲಿಗೆ. ಸುಧಾರಣೆಯ ಮೊದಲ ವಾರ ಅಕ್ಕಿಯಲ್ಲಿ ಕಾಲುಭಾಗ ಸಿಂಕಿನ ಪಾಲಾಯಿತು. ಒಂದು ಎಸಳು ಬೆಳ್ಳುಳ್ಳಿಗೆ ಮೂರು ಪ್ರಶ್ನೆಗಳ ದರದಲ್ಲಿ ಕೆಲಸ ಸಾಗಿತು. ‘ಬೆಳ್ಳುಳ್ಳಿಗೆ ಇಷ್ಟೊಂದು ಅಂಗಿ ಯಾಕೆ? ಅದಕ್ಕೆ ಚಳಿಯಾಗುತ್ತಾ?’ ಹತ್ತು ನಿಮಿಷದ ಕೆಲಸ ಮೂವರು ಸೇರಿ ಮಾಡಿದಾಗ ನಲವತ್ತಾಗುವ ಗಣಿತವನ್ನು ಅಂದು ಕಣ್ಣಾರೆ ಕಂಡೆ. ಸಮೀಕ್ಷೆಯವರು ಬಂದಿದ್ದರೆ ನನ್ನ 289 ಅಂದೇ 400 ದಾಟುತ್ತಿತ್ತು.

ಆದರೆ ಎರಡನೆಯ ವಾರ ಒಂದು ರಾತ್ರಿ ಹಿರಿಯವನು ತನ್ನ ತಟ್ಟೆ ಎತ್ತಿಕೊಂಡು ನಿಂತು, ‘ಅಪ್ಪನ ತಟ್ಟೆ ಯಾಕೆ ಅಲ್ಲೇ ಇದೆ?’ ಎಂದು ಕೇಳಿದ. ಆಕ್ಷೇಪಣೆಯಲ್ಲ, ಶುದ್ಧ ಜಿಜ್ಞಾಸೆ. ಹನ್ನೊಂದು ವರ್ಷಗಳ ದಾಂಪತ್ಯದಲ್ಲಿ ನನ್ನ ಮಾತುಗಳಿಂದ ಕದಲದ ತಟ್ಟೆ ಅಂದು ತಾನಾಗಿ ಎದ್ದು ಸಿಂಕಿನತ್ತ ನಡೆಯಿತು. ಅಂದಿನಿಂದ ನಮ್ಮ ಮನೆಯ ಯಜಮಾನರೂ ಮಕ್ಕಳ ಸಹಪಾಠಿಗಳಾಗಿದ್ದಾರೆ. ಒಂದು ಲೋಟ ಕಾಫಿಗೆ ಆರು ಪಾತ್ರೆ ಬಳಸುವುದು ಸದ್ಯದ ಪ್ರಗತಿ.

ನೆಂಟರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ‘ಗಂಡುಮಕ್ಕಳ ಕೈಗೆ ಕಸಬರಿಕೆಯೇ?’ ಎಂದು ನೊಂದುಕೊಂಡವರಿಗೆ, ‘ನಾಳೆ ಪುಣೆಗೋ ಟೊರಾಂಟೊಗೋ ಹೋದಾಗ ಉಪಯೋಗಕ್ಕೆ ಬರುತ್ತದೆ’ ಎಂದು ಸಮಾಧಾನ ಹೇಳುತ್ತೇನೆ. ಆ ಉತ್ತರ ಎಲ್ಲರಿಗೂ ಒಪ್ಪಿಗೆಯಾಗುತ್ತದೆ, ಏಕೆಂದರೆ ಅದರಲ್ಲಿ ಹೆಂಡತಿ ಬರುವವರೆಗಿನ ತಾತ್ಕಾಲಿಕ ಏರ್ಪಾಡಿನ ವಾಸನೆಯಿದೆ. ನನ್ನ ಮನಸ್ಸಿನಲ್ಲಿರುವುದು ಬೇರೆ. ಇವರು ಒಂದು ದಿನ ಯಾರದೋ ಮಗಳೊಡನೆ ಮನೆ ಹೂಡುತ್ತಾರೆ. ಅವಳೂ ನನ್ನಂತೆ ಕೆಲಸ ಮುಗಿಸಿ ಬಸ್ಸೋ ಮೆಟ್ರೊವೋ ಹಿಡಿದು ಮನೆಗೆ ಬಂದಿರುತ್ತಾಳೆ. ತಂಬಿಗೆಯಲ್ಲಿ ನೀರು ತಾನಾಗಿ ತುಂಬಿಕೊಳ್ಳುವುದಿಲ್ಲವೆಂದು ಅಂದು ಅವಳು ಇವರಿಗೆ ಮೊದಲಿನಿಂದ ಪಾಠ ಹೇಳುವಂತಾಗಬಾರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮೊನ್ನೆ ಹಿರಿಯನಿಗೆ ವ್ಯವಕಲನದ ಅಭ್ಯಾಸವಾಗಲೆಂದು 289ರಲ್ಲಿ 88 ಕಳೆಯಲು ಹೇಳಿದೆ. 201 ಎಂದ. ನಿಮಿಷಗಳೆಂದು ತಿಳಿದಾಗ ಕಣ್ಣರಳಿಸಿ, ‘ಮೂರು ಗಂಟೆ ಇಪ್ಪತ್ತೊಂದು ನಿಮಿಷ! ಒಂದು ಟಿ-20 ಪಂದ್ಯ ನೋಡಬಹುದಲ್ಲಮ್ಮ, ದಿನಾ!’ ಎಂದ. ಬೆಳ್ಳುಳ್ಳಿಯ ಮುಂದೆ ಕೂತಿದ್ದ ಕಿರಿಯವನು ತಲೆಯೆತ್ತಿ, ‘ಅಮ್ಮಾ, ನಿಂದು ಯಾವ ಟೀಮು?’ ಎಂದು ಕೇಳಿದ. ಈ ಮನೆಯಲ್ಲಿ ಆ ಪ್ರಶ್ನೆಯನ್ನು ಈವರೆಗೆ ಯಾರೂ ನನಗೆ ಕೇಳಿರಲಿಲ್ಲ. ಸಾವಕಾಶವಾಗಿ ಯೋಚಿಸಿ ಹೇಳುತ್ತೇನೆಂದಿದ್ದೇನೆ; ಅಕ್ಕಿ ತೊಳೆಯುವ ಹೊತ್ತು ಈಗ ನನ್ನ ಕೈಯಲ್ಲಿದೆ.